ಟೋಕ್ಯೋ ರಿವೆಂಜರ್ಸ್: ಹೊಡೆದಾಟ ಎಲ್ಲಾ ಸರಿ, ಆಮೇಲೆ ಹೊಟ್ಟೆಪಾಡಿಗೆ ಏನ್ ಮಾಡಿದ್ರು?

ಮೊದಲೇ ಹೇಳ್ಬಿಡ್ತೀನಿ, ಕೆನ್ ವಾಕುಯಿ ಬರೆದಿರೋ ಟೋಕ್ಯೋ ರಿವೆಂಜರ್ಸ್ ಮಾಂಗಾನ (ಮಾಂಗಾ ಅಂದ್ರೆ ಜಪಾನೀ ಕಾಮಿಕ್ಸು) ಫೈಟಿಗೋಸ್ಕರ ಓದೋಕೆ ಹೋಗ್ಬೇಡಿ, ಟೈಮ್ ಟ್ರಾವೆಲ್‌ಗೋಸ್ಕರ ಅಂತೂ ಹೋಗ್ಲೇಬೇಡಿ, ಎರಡರಲ್ಲೂ ಇದಕ್ಕಿಂತ ಚೆನ್ನಾಗಿರೋದು ಬೇಕಾದಷ್ಟಿದೆ. ಇದ್ರಲ್ಲಿ ನಿಜವಾಗ್ಲೂ ತೂಕ ಇರೋ ವಿಷಯ ಬೇರೆ, ಅದೇನಂದ್ರೆ ಹದಿನಾಲ್ಕು ಹದಿನೈದನೇ ವಯಸ್ಸಲ್ಲಿ ಬೀದಿ ರೌಡಿಗಳಾಗಿ ಮೆರೆದ ಹುಡುಗ್ರು ಇಪ್ಪತ್ತಾರು ಇಪ್ಪತ್ತೇಳಾದಾಗ ಎಲ್ಲಿರ್ತಾರೆ, ಯಾರು ಕೆಲಸ ಗಿಲಸ ಹಿಡಿದು ಸೆಟ್ಲ್ ಆದ್ರು, ಯಾರಿಗೆ ಆಗ್ಲೇ ಇಲ್ಲ. ಬೇಜಾರಂದ್ರೆ ಬರೆದವರಿಗೇ ಆ ವಿಷಯದ ಮೇಲೆ ಅರ್ಧ ಮನಸ್ಸು ಮಾತ್ರ ಇದ್ದಂಗಿದೆ, ಒಳ್ಳೇ ಜಾಗಕ್ಕೆ ಬಂದಾಗೆಲ್ಲಾ ಕೈಬಿಟ್ಟು ಮತ್ತೆ ಇನ್ನೊಂದು ಗ್ಯಾಂಗ್ ವಾರ್‌ಗೆ ಓಡ್ತಾರೆ. 2017ರ ಮಾರ್ಚ್‌ನಿಂದ 2022ರ ನವೆಂಬರ್ ತನಕ ವೀಕ್ಲಿ ಶೋನೆನ್ ಮ್ಯಾಗಜೀನ್‌ನಲ್ಲಿ ಬಂತು, 278 ಚಾಪ್ಟರು, 31 ವಾಲ್ಯೂಮು, ನಡುವೆ 2020ರಲ್ಲಿ ಕೊಡಾನ್ಶಾ ಮಾಂಗಾ ಪ್ರಶಸ್ತಿನೂ ಬಂತು. ಇಷ್ಟು ಉದ್ದ ಓದ್ಬೇಕಾ ಅಂತ ಕೇಳೋರಿಗೆ ಕೊನೇಲಿ ಹೇಳ್ತೀನಿ, ಆದ್ರೆ ಇಲ್ಲಿಂದ ಮುಂದೆ ಸ್ಪಾಯ್ಲರ್ ತುಂಬಾ ಇದೆ, ಅದು ಇಲ್ದೆ ಈ ಮಾಂಗಾ ಬಗ್ಗೆ ಮಾತಾಡೋಕೇ ಆಗಲ್ಲ.

ಹೀರೋ ತಾಕೆಮಿಚಿ, ವಯಸ್ಸು 26. ವಿಡಿಯೋ ರೆಂಟಲ್ ಅಂಗಡೀಲಿ ಪಾರ್ಟ್ ಟೈಮ್ ಕೆಲಸ, ತನಗಿಂತ ಆರು ವರ್ಷ ಚಿಕ್ಕ ಮ್ಯಾನೇಜರ್ ಹತ್ರ ಬೈಸ್ಕೊಳ್ಳೋದು, ಪಕ್ಕದ ಮನೆ ಸದ್ದೆಲ್ಲಾ ಕೇಳಿಸೋ ತೆಳು ಗೋಡೆಯ ರೂಮು. ಒಂದು ಕಾಲದಲ್ಲಿ ಕೂದಲಿಗೆ ಬಣ್ಣ ಹಾಕ್ಕೊಂಡು ನಾನೂ ಪುಂಡ ಅಂತ ಓಡಾಡ್ತಿದ್ದವನು, ಈಗ ಮಾತೆತ್ತಿದ್ರೆ ಸಾರಿ. ಶಾಲೆ ಟೈಮಲ್ಲಿ ಇದ್ದ ಒಬ್ಬಳೇ ಗರ್ಲ್‌ಫ್ರೆಂಡ್ ಹಿನಾತಾ, ತೋಮಾನ್ ಅಂದ್ರೆ ಟೋಕ್ಯೋ ಮಾಂಜಿ ಗ್ಯಾಂಗಿನ ಗಲಾಟೇಲಿ ಸತ್ತಳು ಅಂತ ನ್ಯೂಸಲ್ಲಿ ನೋಡ್ತಾನೆ, ಆಮೇಲೆ ಸ್ಟೇಷನ್ನಲ್ಲಿ ಯಾರೋ ಹಿಂದಿಂದ ತಳ್ಳಿ ರೈಲಿನ ಮುಂದೆ ಬೀಳ್ತಾನೆ, ಕಣ್ಣು ಬಿಟ್ಟಾಗ ಸರಿಯಾಗಿ 12 ವರ್ಷ ಹಿಂದೆ, 2005ರ ಜುಲೈ 4. ಅಲ್ಲಿಂದ ಹಿನಾತಾ ತಮ್ಮ ನಾವೊತೋ ಕೈ ಕುಲುಕಿದಾಗೆಲ್ಲಾ ಆ ಕಡೆ ಈ ಕಡೆ ಹೋಗಿ ಬಂದು ಮಾಡ್ತಾನೆ. ಕೈ ಕುಲುಕಿದ್ರೆ ಯಾಕೆ ಹಂಗಾಗತ್ತೆ ಅಂತ ಕೇಳ್ಬೇಡಿ, ಕೊನೆಗೆ ಕೊಡೋ ವಿವರಣೆ ಕೇಳಿದ್ರೆ ಕೊಡದೇ ಇದ್ರೇ ಚೆನ್ನಾಗಿತ್ತು ಅನ್ಸತ್ತೆ.

ಈಗ ಹೊಡೆದಾಟದ ವಿಷಯ. ಗುರೂ, ಇವರೆಲ್ಲಾ ಮಿಡ್ಲ್ ಸ್ಕೂಲ್ ಮಕ್ಕಳು! ತೋಮಾನ್ ಲೀಡರ್ ಮೈಕಿ 162 ಸೆಂಟಿಮೀಟರ್ ಎತ್ತರ, ಹೋಟೆಲಲ್ಲಿ ಮಕ್ಕಳ ಊಟದ ಮೇಲೆ ಚಿಕ್ಕ ಬಾವುಟ ಚುಚ್ಚಿಲ್ಲ ಅಂದ್ರೆ ಮುನಿಸ್ಕೊಳ್ಳೋ ಹುಡುಗ, ಒಂದೇ ಒದೆತಕ್ಕೆ ದೈತ್ಯರಂಥವರನ್ನ ಮಲಗಿಸ್ತಾನೆ. ಅವನ ಬಲಗೈ ಡ್ರಾಕೆನ್‌ಗೆ ಕಣತಲೆ ಮೇಲೆ ಡ್ರ್ಯಾಗನ್ ಹಚ್ಚೆ, ಯಾವ ಸ್ಕೂಲ್ ಟೀಚರೂ ಏನೂ ಅಂದಂಗಿಲ್ಲ. ಬ್ಲಡಿ ಹ್ಯಾಲೋವೀನ್ ಅನ್ನೋ ಫೈಟಲ್ಲಿ ಗುಜರಿ ಅಂಗಳದಲ್ಲಿ 150 ಜನ ಈ ಕಡೆ 300 ಜನ ಆ ಕಡೆ, ಕಬ್ಬಿಣದ ರಾಡು ಚಾಕು ಎಲ್ಲಾ ಇದೆ, ಆದ್ರೆ ಯಾರಿಗೋ ಒಬ್ಬರಿಗೆ ಹಳೇ ಕಥೆ ಹೇಳ್ಬೇಕು ಅನ್ಸಿದ್ರೆ 449 ಜನ ಮರ್ಯಾದೆಯಾಗಿ ನಿಂತು ಕೇಳಿಸ್ಕೋತಾರೆ. ತಾಕೆಮಿಚಿ ಕಾಲಿಗೆ ಗುಂಡು ಬಿದ್ರೂ ನಿಂತೇ ಇರ್ತಾನೆ, ಅವನಿಗೆ ಬರೋ ಒಂದೇ ವಿದ್ಯೆ ಅದು, ಹೊಡೆಯೋಕೆ ಬರಲ್ಲ ಆದ್ರೆ ಬೀಳೋಕೂ ಬರಲ್ಲ, ನಡುನಡುವೆ ಸಿಕ್ಕಾಪಟ್ಟೆ ಅಳ್ತಾನೆ. ಅಪ್ಪ ಅಮ್ಮ ಅನ್ನೋರು ಇಡೀ ಸೀರೀಸಲ್ಲಿ ಹೆಚ್ಚುಕಮ್ಮಿ ಕಾಣಿಸಲ್ಲ, ಪೊಲೀಸ್ ಸೈರನ್ ಎಲ್ಲಾ ಮುಗಿದ್ಮೇಲೆ ಕೇಳತ್ತೆ. ನನಗೆ ಇದೆಲ್ಲಾ ಮಜಾನೇ ಕೊಡ್ತು ಸುಳ್ಳು ಯಾಕೆ ಹೇಳ್ಲಿ, ಮಾಸ್ ಎಂಟ್ರಿ ಕೊಡೋದ್ರಲ್ಲಿ ವಾಕುಯಿ ಕೈ ಪಕ್ಕಾ, ಉದ್ದನೆ ಕಸೂತಿ ಕೋಟು ಹಾಕ್ಕೊಂಡು ಬೈಕಿಂದ ಇಳಿಯೋ ಒಂದೊಂದು ಪುಟಾನೂ ಪೋಸ್ಟರ್ ಥರ ಇದೆ. ಆದ್ರೆ ಮೂರನೇ ಗ್ಯಾಂಗು ನಾಲ್ಕನೇ ಗ್ಯಾಂಗು ಬರೋ ಹೊತ್ತಿಗೆ ಯಾರು ಯಾರಿಗೆ ಹೊಡೀತಿದ್ದಾರೆ ಅನ್ನೋದ್ರಲ್ಲಿ ಇಂಟ್ರೆಸ್ಟ್ ಹೋಗತ್ತೆ.

ಇಲ್ಲೊಂದು ಹಿನ್ನೆಲೆ ಗೊತ್ತಿದ್ರೆ ಓದೋಕೆ ಇನ್ನೂ ರುಚಿ. ಜಪಾನಲ್ಲಿ ಬೋಸೋಜೋಕು ಅಂತ ಕರೆಯೋ ಬೈಕ್ ಗ್ಯಾಂಗುಗಳ ಕಾಲ ಅಸಲಿಗೆ ಎಂಬತ್ತರ ದಶಕ, 1982ರಲ್ಲಿ ಪೊಲೀಸ್ ಲೆಕ್ಕದ ಪ್ರಕಾರ 42,510 ಜನ ಇದ್ರು, ಅದೇ ಅತಿ ಹೆಚ್ಚು. ಆಮೇಲೆ ಇಳೀತಾ ಬಂತು, 2004ರಲ್ಲಿ ಟ್ರಾಫಿಕ್ ಕಾನೂನು ಬಿಗಿ ಮಾಡಿ ಗುಂಪಾಗಿ ಅಡ್ಡಾದಿಡ್ಡಿ ಓಡಿಸೋದನ್ನೇ ಹಿಡಿದು ಒಳಗೆ ಹಾಕೋ ಹಂಗೆ ಮಾಡಿದ್ರು. ಅಂದ್ರೆ ಈ ಕಥೆ ಶುರುವಾಗೋ 2005ಕ್ಕೆ ಇವರ ಕೋಟು ಬಾವುಟ ಗಟ್ಟಿ ಸದ್ದಿನ ಸೈಲೆನ್ಸರ್ ಎಲ್ಲಾ ಆಗ್ಲೇ ಹಳೇ ಫ್ಯಾಶನ್ನು. ಮೈಕಿ ಹೇಳ್ಕೊಳ್ಳೋ ಕನಸೇ ಪುಂಡರ ಹೊಸ ಯುಗ ತರ್ತೀನಿ ಅಂತ, ಮೇಲುಮೇಲೆ ಓದಿದ್ರೆ ಬರೀ ಬಿಲ್ಡಪ್ ಅನ್ಸತ್ತೆ, ಆದ್ರೆ ಆ ಹುಡುಗ ಮುಚ್ಚಿ ಹೋಗ್ತಿರೋ ಅಂಗಡಿಗೆ ಓನರ್ ಆಗೋಕೆ ಹೊರಟಿದ್ದಾನೆ ಅಂತ ಗೊತ್ತಿದ್ರೆ ಅಯ್ಯೋ ಪಾಪ ಅನ್ಸತ್ತೆ. ಇನ್ನು ದೊಡ್ಡವರಾದ್ಮೇಲೆ ಯಾಕುಜಾ, ಅಂದ್ರೆ ಜಪಾನಿನ ಮಾಫಿಯಾ ಸೇರೋಣ ಅಂದ್ರೆ ಆ ಕಡೆನೂ ಬಾಗ್ಲು ಹಾಕ್ತಾ ಬಂದ್ರು, 1992ರಿಂದ ಕಾನೂನು, 2011ರ ಹೊತ್ತಿಗೆ ಎಲ್ಲಾ ಪ್ರಾಂತ್ಯದಲ್ಲೂ ನಿಯಮ, ಬ್ಯಾಂಕ್ ಅಕೌಂಟ್ ಇಲ್ಲ ಬಾಡಿಗೆ ಮನೆ ಇಲ್ಲ, ಬಿಟ್ಟು ಬಂದ್ರೂ ಐದು ವರ್ಷ ಅದೇ ಪಾಡು. ಹಂಗಾಗಿ ಯಾಕುಜಾನೂ ಸೇರದೆ ಸರಿಯಾದ ಕೆಲಸನೂ ಸಿಗದೆ ಮೋಸ ಡ್ರಗ್ಸು ಕ್ಲಬ್ಬು ಅಂತ ಇಳಿದ ಹಳೇ ಬೈಕ್ ಹುಡುಗ್ರ ಗುಂಪುಗಳು ಬೆಳೆದ್ವು, ಹಾಂಗುರೆ ಅಂತಾರೆ, 2013ರಲ್ಲಿ ಪೊಲೀಸರು ಅವರನ್ನ ಅರೆ ಯಾಕುಜಾ ಅಂತ ಬೇರೆ ಪಟ್ಟಿಗೇ ಸೇರಿಸಿದ್ರು. ಮಾಂಗಾದಲ್ಲಿ ಬರೋ 2017ರ ತೋಮಾನ್ ಸೇಮ್ ಟು ಸೇಮ್ ಇದೇ.

ಅದಕ್ಕೇ ನನಗೆ 2005ರ ಭಾಗಕ್ಕಿಂತ 2017ರ ಭಾಗಗಳೇ ಇಷ್ಟ. ಅಕ್ಕುನ್ ಅನ್ನೋ ಫ್ರೆಂಡು ಹುಡುಗನಾಗಿದ್ದಾಗ ಹೇರ್ ಡ್ರೆಸ್ಸರ್ ಆಗ್ಬೇಕು ಅಂತಿದ್ದವನು, ಮುಂದೆ ನೋಡಿದ್ರೆ ಸೂಟು ಹಾಕ್ಕೊಂಡು ತೋಮಾನ್‌ಗಾಗಿ ಕ್ಲಬ್ ನಡೆಸ್ತಿದ್ದಾನೆ, ತಾಕೆಮಿಚಿನ ರೈಲಿನ ಮುಂದೆ ತಳ್ಳಿದ್ದೂ ಅವನೇ, ಭಯದಿಂದ, ಮೇಲಿನವರ ಮಾತು ಮೀರೋಕಾಗದೆ. ಅದನ್ನ ಒಪ್ಕೊಂಡು ಅವನು ಟೆರೇಸಿಂದ ಹಾರೋ ಚಾಪ್ಟರ್ ಇದ್ಯಲ್ಲಾ, ಇಡೀ 31 ವಾಲ್ಯೂಮಿನ ಯಾವ ಫೈಟೂ ಅದರ ಹತ್ರಕ್ಕೆ ಬರಲ್ಲ. ಇನ್ನೊಂದು ಸಲ ವಾಪಸ್ ಬಂದಾಗ ಡ್ರಾಕೆನ್ ಗಲ್ಲು ಶಿಕ್ಷೆ ಕೈದಿ, ಗಾಜಿನ ಆ ಕಡೆ ಕೂತು ಮಾತಾಡ್ತಾನೆ. ಮತ್ತೊಂದು ಸಲ ತಾಕೆಮಿಚಿನೇ ತೋಮಾನ್‌ನ ದೊಡ್ಡ ತಲೆ, ಒಳ್ಳೇ ಸೂಟು ವಾಚು ಎಲ್ಲಾ ಇದೆ, ತಾನು ಏನೇನ್ ಮಾಡಿದೀನಿ ಅಂತ ಮಾತ್ರ ಅವನಿಗೆ ಗೊತ್ತಿಲ್ಲ, ಹೀರೋನೂ ಹಂಗೇ ಜಾರಬಹುದು ಅಂತ ತೋರಿಸೋ ಧೈರ್ಯ ಮೆಚ್ಚಬೇಕು. ನೋಡಿ, ಹಿಂದೆ ಮಕ್ಕಳಾಟದಂಗೆ ಕಾಣೋ ಅದೇ ನಿಯತ್ತು, ಅಣ್ಣ ಹೇಳಿದ್ಮೇಲೆ ಮುಗೀತು ಅನ್ನೋದು, ಹನ್ನೆರಡು ವರ್ಷ ಆದ್ಮೇಲೆ ಕೈಯಲ್ಲಿ ಪಿಸ್ತೂಲು ಬಂದಾಗ ಎಷ್ಟು ಅಸಹ್ಯವಾಗಿ ಕಾಣತ್ತೆ ಅಂದ್ರೆ, ಹಿಂದಿನ ಚಾಪ್ಟರಲ್ಲಿ ಸೂಪರ್ ಅಂತ ಓದಿದ್ದೆಲ್ಲಾ ಬಾಯಲ್ಲಿ ಕಹಿಯಾಗತ್ತೆ.

ತೆಂಜಿಕು ಗ್ಯಾಂಗಿನ ಕಥೆ ಮುಗಿದ್ಮೇಲೆ ಬರೋ ಭವಿಷ್ಯದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬದುಕಿರ್ತಾರೆ, ಎಲ್ಲರಿಗೂ ಒಂದು ಕೆಲಸ ಇರತ್ತೆ. ತೋಮಾನ್ ಹುಡುಗ್ರಲ್ಲಿ ಮಿತ್ಸುಯಾ ಡಿಸೈನರ್, ಇದು ಸರಿಹೋಗತ್ತೆ ಯಾಕಂದ್ರೆ ತೋಮಾನ್ ಕೋಟುಗಳನ್ನ ಹೊಲಿದವನೇ ಅವನು, ಅಮ್ಮ ದುಡಿಯೋಕೆ ಹೋದಾಗ ಇಬ್ಬರು ತಂಗಿಯರನ್ನ ನೋಡ್ಕೊಂಡು ಬೆಳೆದವನು. ಪಾಚಿನ್ ರಿಯಲ್ ಎಸ್ಟೇಟು, ಅವನ ಮದುವೆಗೆ ಎಲ್ಲರೂ ಸೇರ್ತಾರೆ. ಚಿಫುಯು ಪೆಟ್ ಶಾಪ್ ಇಟ್ಟಿದ್ದಾನೆ, ಜೊತೆಗೆ ಕಝುತೋರಾ, ಈ ಕಝುತೋರಾ ಯಾರು ಅಂದ್ರೆ ಮೈಕಿಗೆ ಬರ್ತ್‌ಡೇ ಗಿಫ್ಟ್ ಕೊಡೋಕೆ ಬೈಕ್ ಕದಿಯೋಕೆ ಹೋಗಿ ಮೈಕಿ ಅಣ್ಣನನ್ನೇ ಹೊಡೆದು ಸಾಯಿಸಿದವನು. ಅಂಥವನು ಈಗ ಅಂಗಡೀಲಿ ನಾಯಿ ಬೆಕ್ಕು ನೋಡ್ಕೊಂಡಿದ್ದಾನೆ. ಆ ಕೆಲಸ ಹೆಂಗ್ ಸಿಕ್ತು, ಜೈಲಿಂದ ಬಂದ ಮೊದಲ ವರ್ಷ ಯಾರು ನಂಬಿದ್ರು, ಗಿರಾಕಿಗಳ ಜೊತೆ ಮಾತಾಡೋಕೆ ಹೆಂಗ್ ಕಲ್ತ, ಇದನ್ನ ಓದೋಕೆ ನಾನು ಎರಡು ವಾಲ್ಯೂಮ್ ಕೊಟ್ರೂ ಓದ್ತಿದ್ದೆ, ವಾಕುಯಿ ಕೊಡೋದು ಕೆಲವೇ ಪ್ಯಾನೆಲ್ಲು. ಇದೇ ಮನುಷ್ಯ ಇದಕ್ಕೆ ಮೊದ್ಲು ಶಿಂಜುಕು ಸ್ವಾನ್ ಅಂತ 38 ವಾಲ್ಯೂಮ್ ಬರೆದಿದ್ದಾರೆ, ಟೋಕ್ಯೋದ ಕಾಬುಕಿಚೋ ಬೀದೀಲಿ ಹುಡುಗಿಯರನ್ನ ಕ್ಲಬ್ಬುಗಳ ಕೆಲಸಕ್ಕೆ ಸೇರಿಸೋ ಸ್ಕೌಟ್‌ಗಳ ಬಗ್ಗೆ, ಅಲ್ಲಿ ಯಾರು ಯಾರಿಂದ ಎಷ್ಟು ದುಡ್ಡು ತಿಂತಾರೆ ಅನ್ನೋದು ಎಷ್ಟು ಪಕ್ಕಾ ಇತ್ತು. ಗೊತ್ತಿಲ್ಲದವರು ಬಿಟ್ರೆ ಸರಿ, ಗೊತ್ತಿದ್ದೂ ಬಿಟ್ಟಿದ್ದಾರಲ್ಲಾ ಅಂತ ಹೊಟ್ಟೆ ಉರಿಯತ್ತೆ.

ದುಡ್ಡಿನ ಕಥೆ ಸರಿಯಾಗಿ ಬಂದಿರೋದು ಒಂದೇ ಕಡೆ, ಕೊಕೊ ಮತ್ತೆ ಇನುಪೀ ಅನ್ನೋ ಬಾಲ್ಯದ ಗೆಳೆಯರದ್ದು. ಇನುಪೀ ಮನೆಗೆ ಬೆಂಕಿ ಬಿದ್ದಾಗ ಕೊಕೊ ತಾನು ಇಷ್ಟಪಟ್ಟಿದ್ದ ಅಕಾನೆನ ಉಳಿಸೋಕೆ ನುಗ್ತಾನೆ, ಹೊಗೆಯಲ್ಲಿ ಗೊತ್ತಾಗದೆ ಎತ್ಕೊಂಡು ಬರೋದು ಅವಳ ತಮ್ಮ ಇನುಪೀನ. ಸುಟ್ಟು ಹೋದ ಅಕಾನೆ ಚಿಕಿತ್ಸೆಗೆ 4 ಕೋಟಿ ಯೆನ್ ಬೇಕು, ಅದನ್ನ ಹೊಂದಿಸೋಕೆ ಇನ್ನೂ ಚಿಕ್ಕ ಹುಡುಗ ಕೊಕೊ ಕ್ರೈಮಿಗಿಳೀತಾನೆ, ಅವಳು ಉಳಿಯಲ್ಲ, ಆದ್ರೆ ದುಡ್ಡು ಮಾಡೋ ಕೈ ಮಾತ್ರ ನಿಲ್ಲಲ್ಲ. ಮುಂದೆ ಇನುಪೀ ಡ್ರಾಕೆನ್ ಜೊತೆ ಸೇರಿ ಬೈಕ್ ಶಾಪ್ ಇಟ್ಕೊಂಡು ಗ್ರೀಸು ಮೆತ್ಕೊಂಡಿರ್ತಾನೆ, ಕೊಕೊ ಮೈಕಿಯ ಹೊಸ ಕ್ರಿಮಿನಲ್ ಗ್ಯಾಂಗ್ ಬೊಂತೆನ್‌ನಲ್ಲಿ ದುಡ್ಡಿನ ತಲೆ. ಇಬ್ಬರ ಕಥೆನೂ ಹೆಚ್ಚು ಡೈಲಾಗಿಲ್ಲದೆ ಮುಗಿಸಿದ್ದಾರೆ, ಕೊಕೊಗೆ ವಾಪಸ್ ಬರೋ ದಾರಿ ಯಾಕಿಲ್ಲ ಅಂತ ಯಾರೂ ಭಾಷಣ ಮಾಡಲ್ಲ. ಇಡೀ ಸೀರೀಸು ಈ ಲೆವೆಲ್ಲಲ್ಲಿ ಇರ್ಬೇಕಿತ್ತು.

ಮೈಕಿ ವಿಷಯ ಅರ್ಧಂಬರ್ಧ. ಎಲ್ಲಾ ಫ್ರೆಂಡ್ಸೂ ನೆಟ್ಟಗಾದ್ರು, ಅವನೊಬ್ಬ ಬಿಳಿ ಕೂದಲು ಬತ್ತಿದ ಮುಖ ಇಟ್ಕೊಂಡು ಬೊಂತೆನ್ ನಡೆಸ್ತಿದ್ದಾನೆ, ಹುಡುಗನಾಗಿದ್ದಾಗ ಎಲ್ಲರಿಗೂ ಬೇಕಾಗಿದ್ದವನು ದೊಡ್ಡವನಾದಾಗ ಯಾವ ಕೆಲಸಕ್ಕೂ ಹೊಂದಲ್ಲ ಅನ್ನೋದು ಎಂಥಾ ಒಳ್ಳೇ ಐಡಿಯಾ. ಲೀಡರ್ ಆಗೋದು ಬಿಟ್ಟು ಬೇರೇನೂ ಕಲಿಯದೇ ಇರೋನು ಏನ್ ಮಾಡ್ಬೇಕು? ಅದನ್ನ ಹಂಗೇ ಬಿಡೋದು ಬಿಟ್ಟು ಅವನೊಳಗೆ ಕಪ್ಪು ಆವೇಶ ಅಂತ ಏನೋ ಶಾಪದ ಥರ ತುರುಕಿದ್ದಾರೆ. ಶಾಪ ಅಂದ್ಮೇಲೆ ಮುಗೀತಲ್ಲಾ, ಅವನ ತಪ್ಪೂ ಇಲ್ಲ ಸಮಾಜದ ತಪ್ಪೂ ಇಲ್ಲ. ವಿಲನ್ ಕಿಸಾಕಿನೂ ಅಷ್ಟೇ, ಇಷ್ಟು ಕೊಲೆ ಇಷ್ಟು ಪ್ಲಾನು ಎಲ್ಲಾ ಒಬ್ಬಳು ಹುಡುಗಿ ಒಪ್ಪಲಿಲ್ಲ ಅಂತನಾ, ಅಷ್ಟೇನಾ?

ಹುಡುಗಿಯರ ವಿಷಯದಲ್ಲಿ ಈ ಮಾಂಗಾ ತೀರಾ ಬಡವು. ಹಿನಾತಾ ಇರೋದು ಸಾಯೋಕೆ ಮತ್ತೆ ಉಳಿಯೋಕೆ, ಮೈಕಿ ತಂಗಿ ಎಮ್ಮಾಗೆ ಸ್ವಲ್ಪ ಜೀವ ತುಂಬ್ತಿದ್ರು ಅನ್ನೋ ಹೊತ್ತಿಗೆ ಬೈಕಲ್ಲಿ ಬಂದು ಬ್ಯಾಟಲ್ಲಿ ಹೊಡೆದು ಸಾಯಿಸ್ಬಿಟ್ರು, ಅದೂ ಮೈಕಿ ಡ್ರಾಕೆನ್ ದುಃಖ ಪಡ್ಲಿ ಅಂತ.

ಇನ್ನು 2008ರಲ್ಲಿ ನಡೆಯೋ ಕೊನೇ ಆರ್ಕ್, ಅಂದ್ರೆ ಕೊನೇ ಕಥಾಭಾಗ. ಮೂರು ದೊಡ್ಡ ಗ್ಯಾಂಗು, ಹೊಸ ಮುಖಗಳು, ಡ್ರಾಕೆನ್‌ನ ಇಷ್ಟು ಕಷ್ಟಪಟ್ಟು ಉಳಿಸ್ಕೊಂಡು ಬಂದು ಇಲ್ಲಿ ಗುಂಡಿಗೆ ಕೊಟ್ರು, ಹಂಗಾದ್ರೆ ಮೊದಲ ವಾಲ್ಯೂಮುಗಳಲ್ಲಿ ನಾವು ಟೆನ್ಶನ್ ಮಾಡ್ಕೊಂಡಿದ್ದಕ್ಕೆ ಏನ್ ಬೆಲೆ? ಎಂಡಿಂಗ್ ಅಂತೂ ಕೇಳ್ಲೇಬೇಡಿ, ತಾಕೆಮಿಚಿ ಮೈಕಿ ಇಬ್ರೂ 1998ಕ್ಕೆ ಚಿಕ್ಕ ಮಕ್ಕಳಾಗಿ ಹೋಗ್ಬಿಟ್ಟು, ಎಲ್ಲರನ್ನೂ ಒಂದೇ ಏಟಿಗೆ ಉಳಿಸಿ, ಕಿಸಾಕಿನೂ ಫ್ರೆಂಡ್ ಮಾಡ್ಕೊಂಡು, ಮದುವೆ ಫೋಟೋಗೆ ನಿಲ್ಲಿಸಿ ಮುಗಿಸಿದ್ರು. ಎಲ್ಲರಿಗೂ ಬಾಲ್ಯನೇ ರಿಪೇರಿ ಆದ್ಮೇಲೆ ಮಾಜಿ ರೌಡಿ ಅಂತ ಯಾರೂ ಉಳಿಯಲ್ಲ, ಯಾರೂ ಎಲ್ಲೂ ಹೊಂದ್ಕೊಳ್ಳೋಕೆ ಕಷ್ಟಪಡೋದೂ ಬೇಡ. ಅಕ್ಕುನ್ ಟೆರೇಸ್ ಮೇಲೆ ನಿಂತು ಆಡಿದ ಮಾತಿಗೆ ಇದು ಉತ್ತರ ಅಲ್ಲ, ತಪ್ಪಿಸ್ಕೊಳ್ಳೋದು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು. ತೆಂಜಿಕು ಆರ್ಕ್ ಮುಗಿಸಿ, ಆಮೇಲೆ ಬರೋ ಪಾಚಿನ್ ಮದುವೆ ಮತ್ತೆ ಬೊಂತೆನ್ ಚಾಪ್ಟರುಗಳನ್ನ ಓದಿ, ಅಲ್ಲಿಗೆ ಪುಸ್ತಕ ಮುಚ್ಚಿಬಿಡಿ, ಅಷ್ಟಕ್ಕೇ ನಿಲ್ಲಿಸೋದಾದ್ರೆ ನಾಲ್ಕೂ ಕೊಡ್ತೀನಿ. ಪ್ರಿಂಟಲ್ಲಿ ಬೇಕು ಅನ್ನೋರಿಗೆ ಸೆವೆನ್ ಸೀಸ್ ಪ್ರಕಾಶನದವರ ಇಂಗ್ಲಿಷ್ ಆಮ್ನಿಬಸ್ ಇದೆ, ಎರಡೆರಡು ವಾಲ್ಯೂಮ್ ಒಟ್ಟಿಗೆ. ಅನಿಮೆ, ಅಂದ್ರೆ ಇದರ ಕಾರ್ಟೂನ್ ಸೀರೀಸು, 2021ರಿಂದ ಬರ್ತಿದೆ, ದನಿ ಕೊಟ್ಟಿರೋರು ಚೆನ್ನಾಗಿ ಮಾಡಿದ್ದಾರೆ ಆದ್ರೆ ಫೈಟ್ ಅನಿಮೇಷನ್ ಸಪ್ಪೆ, ಹೊರದೇಶಕ್ಕೆ ಬಂದಿರೋ ವರ್ಷನ್ನಲ್ಲಿ ಕೋಟಿನ ಮೇಲಿರೋ ಮಾಂಜಿ ಗುರುತು, ಅಂದ್ರೆ ಬೌದ್ಧ ಸ್ವಸ್ತಿಕನ ಬೇರೆ ಅಳಿಸಿದ್ದಾರೆ, ಗ್ಯಾಂಗಿನ ಹೆಸರೇ ಅದು, ಅದಿಲ್ದೆ ಫ್ರೇಮು ಖಾಲಿ ಖಾಲಿ ಹೊಡೆಯತ್ತೆ. ಚಿತ್ರಕ್ಕೋಸ್ಕರನಾದ್ರೂ ಮಾಂಗಾನೇ ತಗೊಳ್ಳಿ, ಚಿಕ್ಕ ಮಕ್ಕಳ ಕೈಗೆ ಮಾತ್ರ ಬೇಡ.