ಆನ್‌ಲೈನ್ ರಿಯಾಯಿತಿ ವೋಚರ್: ನಾಲ್ಕು ಕುರ್ಚಿಯ ಪಾರ್ಲರಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ಬಳಸಿದ ಜಾಗ: ಮೈಸೂರಿನ ಕುವೆಂಪುನಗರದ ಬ್ಯೂಟಿ ಪಾರ್ಲರ್. ಅಂಕ: ಐದಕ್ಕೆ ಮೂರೂವರೆ.

ಗ್ರಾಹಕರು ಆ್ಯಪಿನಲ್ಲಿ ಅರ್ಧ ದರದ ವೋಚರ್ ಕೊಂಡು ಪಾರ್ಲರಿಗೆ ಬರುವ ಈ ಸೇವೆ ಖಾಲಿ ಕುರ್ಚಿ ತುಂಬಿಸಲು ಒಳ್ಳೆಯದು. ಹೇಗೂ ತುಂಬುವ ಕುರ್ಚಿಗೆ ಹಾಕಿದರೆ ಗಲ್ಲಾಪೆಟ್ಟಿಗೆಗೇ ಪೆಟ್ಟು. 1,200 ರೂಪಾಯಿಯ ಫೇಶಿಯಲ್ಲನ್ನು ವೋಚರಿನಲ್ಲಿ 600ಕ್ಕೆ ಕೊಡುತ್ತೇವೆ ಎನ್ನಿ. ಆ್ಯಪಿನವರ ಕಮಿಷನ್ 30 ಪರ್ಸೆಂಟ್, ಅಂದರೆ 180. ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 32.40. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ತೆರಿಗೆ 18ರಿಂದ 5 ಪರ್ಸೆಂಟಿಗೆ ಇಳಿದಿದೆ ನಿಜ, ಆದರೆ ಇನ್‌ಪುಟ್ ಕ್ರೆಡಿಟ್ (ಖರ್ಚಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲ, ಆ 32.40 ವಾಪಸ್ ಬರುವುದಿಲ್ಲ. 600ರೊಳಗೇ ಸೇರಿರುವ ನಮ್ಮ 5 ಪರ್ಸೆಂಟ್ ತೆರಿಗೆ 28.57. ಕ್ರೀಮು, ಪ್ಯಾಕ್, ಬಳಸಿ ಬಿಸಾಡುವ ಹೆಡ್‌ಬ್ಯಾಂಡ್, ಟವೆಲ್ ಒಗೆತ ಎಲ್ಲ ಸೇರಿ 180. ಕೆಲಸ ಮಾಡಿದವರ ಇನ್ಸೆಂಟಿವ್ 60. ಉಳಿಯುವುದು 119 ರೂಪಾಯಿ.

ಮಂಗಳವಾರ ಮಧ್ಯಾಹ್ನ ಆ 119 ಲಾಭವೇ. ಬಾಡಿಗೆ, ಸಂಬಳ ಹೇಗಿದ್ದರೂ ಕೊಡಲೇಬೇಕು. ಶನಿವಾರ ಸಂಜೆ ಅದೇ ಕುರ್ಚಿಯಲ್ಲಿ ಪೂರ್ತಿ ದರದವರು ಕೂತಿದ್ದರೆ ಕಮಿಷನ್ ಇಲ್ಲದೆ 903 ಉಳಿಯುತ್ತಿತ್ತು. ಒಂದೊಂದು ವೋಚರಿಗೂ 784 ಕೈಬಿಟ್ಟಂತೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಲೆಕ್ಕವನ್ನು ನಿಮ್ಮ ಅಂಗಡಿಯ ಅಂಕಿಗಳಲ್ಲಿ ಬರೆದು ನೋಡಲೇಬೇಕು.

ಹಾಗಾಗಿ ಎಷ್ಟು ವೋಚರ್ ಮಾರಬೇಕೆಂಬುದನ್ನು ಆ್ಯಪಿನ ಪ್ರತಿನಿಧಿಗೆ ಬಿಡಬೇಡಿ. ಅವರು 'ಮಿತಿ ಬೇಡ' ಎಂದೇ ಹೇಳುತ್ತಾರೆ. ಮಂಗಳವಾರದಿಂದ ಗುರುವಾರ, 11ರಿಂದ 4, ಒಂದು ಫೇಶಿಯಲ್ಲಿಗೆ ಒಂದೂವರೆ ಗಂಟೆ: ಕುರ್ಚಿಗೆ ಮೂವರು. ನಾಲ್ಕರಲ್ಲಿ ಎರಡೇ ಕುರ್ಚಿ ವೋಚರಿಗೆ. ವಾರಕ್ಕೆ 18, ಐದು ವಾರಕ್ಕೆ 90. ಮಾರುವುದು 75, ದಿನ ಬದಲಿಸುವವರಿಗೆ 15 ಜಾಗ ಉಳಿಯಬೇಕು.

ಕಾಲ ಆಷಾಢವೇ ಸರಿ. ಮದುವೆಗಳಿಲ್ಲ, ಮೇಕಪ್ ಬುಕಿಂಗ್ ನಿಂತಿರುತ್ತದೆ. ಶುಕ್ರವಾರವನ್ನು ಮಾತ್ರ ಸೇರಿಸಬೇಡಿ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವವರು ಅಪಾಯಿಂಟ್‌ಮೆಂಟ್ ತಪ್ಪಿಸುತ್ತಾರೆ. ವರಮಹಾಲಕ್ಷ್ಮಿಗೆ ಹತ್ತು ದಿನ ಮುಂಚೆ ವೋಚರ್ ಮುಗಿದಿರಬೇಕು, ದಸರಾ ಹತ್ತಿರಕ್ಕಂತೂ ತರಲೇಬಾರದು. ಎಲ್ಲ ವೋಚರಿಗೂ ಒಂದೇ ಕೊನೆಯ ದಿನಾಂಕ ಇಟ್ಟರೆ ಕೊನೆಯ ವಾರ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಎರಡು ಕಂತಿನಲ್ಲಿ ಮಾರಿ, ಕಂತಿಗೊಂದು ಕೊನೆಯ ದಿನಾಂಕ ಕೊಟ್ಟರೆ ಈ ನೂಕುನುಗ್ಗಲು ಬಹುಮಟ್ಟಿಗೆ ತಪ್ಪುತ್ತದೆ.

ವೋಚರಿನ ಕೋಡ್ ವಿಷಯದಲ್ಲಿ ಸಡಿಲ ಬಿಟ್ಟರೆ ಕೆಟ್ಟಂತೆ. ಗ್ರಾಹಕರು ಸ್ಕ್ರೀನ್‌ಶಾಟ್ ತೋರಿಸುತ್ತಾರೆ. ಅದೇ ಚಿತ್ರ ತಂಗಿಯ ಫೋನಿನಲ್ಲೂ ಇರಬಹುದು. ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೋಡನ್ನು ಆ್ಯಪಿನಲ್ಲಿ ರಿಡೀಮ್ ಮಾಡಿ, ಅಂದರೆ ಬಳಕೆಯಾಯಿತೆಂದು ದಾಖಲಿಸಿ. ಕೆಲಸ ಮುಗಿದ ಮೇಲೆ 'ಈ ಕೋಡ್ ಬಳಕೆಯಾಗಿದೆ' ಎಂದು ಬಂದರೆ ಗ್ರಾಹಕರೊಡನೆ ಜಗಳ ಬಿಟ್ಟು ಬೇರೇನೂ ಸಿಗದು. ಕೋಡಿನ ಕೊನೆಯ ನಾಲ್ಕು ಅಂಕಿ, ದಿನಾಂಕ, ಫೋನ್ ನಂಬರ್ ಒಂದು ಪುಸ್ತಕದಲ್ಲಿರಲಿ. ಆ್ಯಪಿನವರಿಂದ ನಮ್ಮ ಪಾಲಿನ ಹಣ (ಸೆಟ್ಲ್‌ಮೆಂಟ್) ಬಂದಾಗ ಹೊಂದಿಸಿ ನೋಡಲು ಅದೇ ಆಧಾರ. ನಮಗೆ ಒಂದೂವರೆ ಅಂಕ ಕಡಿಮೆಯಾಗಿದ್ದು ಇಲ್ಲೇ: ಹಣ ಒಟ್ಟು ಮೊತ್ತವಾಗಿ ಬರುತ್ತದೆ, ಯಾವ ಕೋಡಿಗೆ ಎಷ್ಟು ಎಂದು ಕೇಳಿ ಕೇಳಿ ತರಿಸಿಕೊಳ್ಳಬೇಕು. ಕೊಂಡು ಬಳಸದ ವೋಚರಿನ ಹಣ ಯಾರಿಗೆ ಎಂಬ ಕಲಮನ್ನೂ ಮೊದಲೇ ಓದಿಕೊಳ್ಳಿ.

ಮೇಲಿನ ಲೆಕ್ಕದಲ್ಲಿ ಇನ್ಸೆಂಟಿವನ್ನು 1,200ರ 5 ಪರ್ಸೆಂಟ್ ಎಂದು ಹಿಡಿದಿದ್ದಕ್ಕೆ ಕಾರಣವಿದೆ. 600ರ ಮೇಲೆ ಕೊಟ್ಟರೆ ಕೆಲಸದವರ ಕೈ ಸಹಜವಾಗಿಯೇ ಅವಸರ ಮಾಡುತ್ತದೆ, ಮಸಾಜ್ 20 ನಿಮಿಷದಿಂದ 12ಕ್ಕೆ ಇಳಿಯುತ್ತದೆ. ವೋಚರಿನವರಿಗೂ ಅದೇ ಕ್ರೀಮು, ಅದೇ ಸಮಯ ಸಿಗಬೇಕು. ಅವರು ದುಡ್ಡು ಕೊಟ್ಟೇ ಬಂದವರು.

2013ರ ಸೆಪ್ಟೆಂಬರಿನಲ್ಲಿ ರಿಯಾಯಿತಿ ವೋಚರ್ ಮಾರುತ್ತಿದ್ದ ಜಾಲತಾಣ ಗ್ರೂಪಾನ್ ಇಂಡಿಯಾ ಕೆಜಿ ಈರುಳ್ಳಿಯನ್ನು 9 ರೂಪಾಯಿಗೆ ಕೊಟ್ಟಾಗ ಜನ ಮುಗಿಬಿದ್ದು ಜಾಲತಾಣವೇ ಕುಸಿದಿತ್ತು. ಅಗ್ಗಕ್ಕೆ ಜನ ಬರುವುದು ಕಷ್ಟವಲ್ಲ. ಎಣಿಸಬೇಕಾದ್ದು ಎರಡನೇ ಭೇಟಿ. 'ಹೊಸಬರಿಗೆ ಮಾತ್ರ' ಎಂಬ ಷರತ್ತು ಹಾಕಿ, ಫೋನ್ ನಂಬರಿನಿಂದ ಪರೀಕ್ಷಿಸಿ. ಇಲ್ಲದಿದ್ದರೆ ಖಾಯಂ ಗ್ರಾಹಕರೇ ಅರ್ಧ ದರಕ್ಕೆ ಕೊಳ್ಳುತ್ತಾರೆ. ಹೊರಡುವ ಮುಂಚೆಯೇ ಮುಂದಿನ ತಿಂಗಳ ದಿನ ಕೇಳಿ, ನೇರವಾಗಿ ಬಂದರೆ 100 ರೂಪಾಯಿ ಬಿಡಿ; ಆ್ಯಪಿಗೆ ಕೊಡುವ 212ಕ್ಕಿಂತ ಅದು ಕಡಿಮೆಯೇ. 75ರಲ್ಲಿ 15 ಮಂದಿಯಾದರೂ ಆರು ತಿಂಗಳೊಳಗೆ ಹೀಗೆ ಮರಳಿ ಬರದಿದ್ದರೆ ಮುಂದಿನ ಆಷಾಢಕ್ಕೆ ಒಪ್ಪಂದ ನವೀಕರಿಸುವುದಿಲ್ಲ.