ಟಿಳಕವಾಡಿಯ ಇಟಾಲಿಯನ್ ಹೋಟೆಲ್: ಹೇಳಿ ಮಾಡಿಸಿಕೊಂಡರೆ ಚೆನ್ನ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಸಣ್ಣ ಇಟಾಲಿಯನ್ ಹೋಟೆಲಿನ ಅಡುಗೆಮನೆಗೆ ಕೆಲಸ ಚೆನ್ನಾಗಿ ಗೊತ್ತು. ಆದರೆ ಮೆನು ನೋಡಿ ಸುಮ್ಮನೆ ಆರ್ಡರ್ ಕೊಟ್ಟರೆ ಆ ಕೈಗುಣ ತಟ್ಟೆಗೆ ಬರುವುದಿಲ್ಲ. ಪಾಸ್ತಾ ಬೆಂದಿಲ್ಲ ಅಂತ ವಾಪಸ್ ಕಳಿಸುವ ಗಿರಾಕಿಗಳೇ ಜಾಸ್ತಿ. ಹಾಗಾಗಿ ಏನೂ ಹೇಳದಿದ್ದರೆ ಪಾಸ್ತಾ ಮೆತ್ತಗೆ, ಕ್ರೀಮ್ ಧಾರಾಳ, ಚೀಸ್ ಇನ್ನೂ ಧಾರಾಳ. ಆರ್ಡರ್ ಕೊಡುವಾಗಲೇ ಬಾಯಿಬಿಟ್ಟು ಹೇಳಿದವರಿಗೆ ಬರುವ ಊಟವೇ ಬೇರೆ.

ಇಲ್ಲಿ ತಿನ್ನಲೇಬೇಕಾದದ್ದು ಕೈಯಲ್ಲಿ ಮಾಡಿದ ಕವಾತೆಲ್ಲಿ ಎಂಬ ಪುಟ್ಟ ಸುರುಳಿ ಪಾಸ್ತಾ. ಇದು ಮೆನುವಿನಲ್ಲಿಲ್ಲ, ಮಾಡಿದ ದಿನ ಮಾತ್ರ ಬೋರ್ಡಿನ ಮೇಲೆ ಬರೆದಿರುತ್ತಾರೆ. ಉತ್ತರ ಇಟಲಿಯ ತಾಜಾ ಪಾಸ್ತಾಕ್ಕೆ ಮೊಟ್ಟೆ ಬೀಳುತ್ತದೆ, ದಕ್ಷಿಣದ್ದಕ್ಕೆ ಡ್ಯೂರಮ್ ಗೋಧಿಯ ರವೆ ಮತ್ತು ನೀರು ಸಾಕು. ಕವಾತೆಲ್ಲಿ ದಕ್ಷಿಣದ್ದು, ಆದ್ದರಿಂದ ಮೊಟ್ಟೆ ತಿನ್ನದವರೂ ನಿಶ್ಚಿಂತೆಯಿಂದ ಕೇಳಬಹುದು. ನಮ್ಮ ಅಂಗಡಿಗಳಲ್ಲಿ ಸಿಗುವ ಬನ್ಸಿ ರವೆಯೂ ಡ್ಯೂರಮ್ಮೇ. ಅದು ದಪ್ಪವಾದ್ದರಿಂದ ಇನ್ನೊಂದು ಸಲ ಬೀಸಿ, ಜರಡಿ ಹಿಡಿದು ಬಳಸುತ್ತಾರೆ. 100 ಗ್ರಾಂ ರವೆಗೆ 45ರಿಂದ 50 ಗ್ರಾಂ ನೀರು, ಹತ್ತು ನಿಮಿಷ ನಾದುವುದು, ಅರ್ಧ ತಾಸು ಮುಚ್ಚಿಡುವುದು. ಆಮೇಲೆ ಬೆರಳಿನಗಲದ ತುಂಡನ್ನು ಹಲಗೆಯ ಮೇಲೆ ಎರಡು ಬೆರಳಿಂದ ಒತ್ತಿ ತನ್ನತ್ತ ಎಳೆದರೆ ಅದು ಒಳಗೆ ಸುರುಳಿಯಾಗಿ ಕೂರುತ್ತದೆ. ಗೌಲಿ, ಶಾವಿಗೆ ಹೊಸೆದ ಮನೆಯವರಿಗೆ ಈ ಕೈಚಳಕ ಹೊಸದಲ್ಲ. ಆ ಗುಳಿಯಲ್ಲೇ ಸಾಸ್ ನಿಲ್ಲುವುದು, ಹಾಗಾಗಿ ಇದಕ್ಕೆ ಟೊಮೆಟೊ ಸಾಸ್ ಕೇಳಿ. ವೈಟ್ ಸಾಸಿನಲ್ಲಿ ರವೆಯ ರುಚಿ ಸತ್ತೇಹೋಗುತ್ತದೆ.

ಪ್ಯಾಕೆಟ್ ಪಾಸ್ತಾಕ್ಕೆ 'ಅಲ್ ದೆಂತೆ' (ಬೆಂದರೂ ಹಲ್ಲಿಗೆ ತುಸು ಗಟ್ಟಿಯಾಗಿ ಸಿಗುವ ಹದ) ಅಂತ ಹೇಳಿದರೆ ಸಾಕು, ಅರ್ಥ ಮಾಡಿಕೊಳ್ಳುತ್ತಾರೆ. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ನೀರು 97–98 ಡಿಗ್ರಿಗೇ ಕುದಿಯುವುದರಿಂದ ಪ್ಯಾಕೆಟ್ಟಿನ ಮೇಲಿನ ಸಮಯಕ್ಕಿಂತ ಅರ್ಧ-ಒಂದು ನಿಮಿಷ ಹೆಚ್ಚು ಬೇಕು. ಅದು ಅಡುಗೆಯವರಿಗೆ ಗೊತ್ತಿದೆ. ಆದರೆ ಹೇಳದಿದ್ದರೆ ಮೂರು ನಿಮಿಷ ಹೆಚ್ಚೇ ಬಿಡುತ್ತಾರೆ.

ಬೆಳ್ಳುಳ್ಳಿ, ಎಣ್ಣೆಯ ಪಾಸ್ತಾ ಅಲ್ಯೋ ಎ ಒಲಿಯೋದಲ್ಲಿ ಅಡುಗೆಮನೆಯ ಆ ದಿನದ ಗಮನ ಎಷ್ಟಿದೆ ಅನ್ನುವುದು ಬಯಲಾಗುತ್ತದೆ. ಬೆಳ್ಳುಳ್ಳಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ನಿಲ್ಲಬೇಕು, ಕಂದಾದರೆ ಕಹಿ. ಪಾಸ್ತಾ ಬೆಂದ ಗಂಜಿನೀರು ಎಣ್ಣೆಯೊಂದಿಗೆ ಕೂಡಿ ತೆಳುವಾಗಿ ಅಂಟಬೇಕು. ತಟ್ಟೆಯ ತಳದಲ್ಲಿ ಎಣ್ಣೆ ಬೇರೆಯಾಗಿ ನಿಂತಿದ್ದರೆ ನೀರು ಕಡಿಮೆಯಾಗಿದೆ, ಅಥವಾ ಬಾಣಲೆಯಲ್ಲಿ ಚೆನ್ನಾಗಿ ಆಡಿಸಿಲ್ಲ. ಇಂಥದ್ದನ್ನು ವಾಪಸ್ ಕಳಿಸಿದರೆ ತಕರಾರಿಲ್ಲದೆ ಹೊಸದು ಮಾಡಿಕೊಡುತ್ತಾರೆ. ಮೆಣಸಿನಕಾಯಿ ಬ್ಯಾಡಗಿಯದ್ದು, ಬಣ್ಣ ಗಾಢ, ಖಾರ ಮೆತ್ತಗೆ. ಈ ಖಾದ್ಯಕ್ಕೆ ಅದು ಬಹಳ ಒಳ್ಳೆಯ ಆಯ್ಕೆ.

ಪಿಜ್ಜಾಗೆ ಸಮಯ ನೋಡಿ ಹೋಗಬೇಕು. ಕಟ್ಟಿಗೆ ಒಲೆ ಏಳಕ್ಕೆ ಹೊತ್ತಿರುತ್ತದೆ, ಆದರೆ ಒಳಗಿನ ಇಟ್ಟಿಗೆ ನೆಲ ಕಾದಿರುವುದಿಲ್ಲ. ಏಳೂವರೆಯಿಂದ ಎಂಟೂಕಾಲರ ನಡುವೆ ಬಂದ ಪಿಜ್ಜಾ ಎರಡೇ ನಿಮಿಷದಲ್ಲಿ ಬೇಯುತ್ತದೆ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ನಾಪೋಲಿಯಲ್ಲಿ 430 ಡಿಗ್ರಿಗೂ ಮೇಲಿನ ಒಲೆಯಲ್ಲಿ 60ರಿಂದ 90 ಸೆಕೆಂಡ್ ಸಾಕು, ಇಲ್ಲಿನ ಒಲೆ ಅಷ್ಟು ಏರುವುದಿಲ್ಲ. ಭಾನುವಾರ ರಾತ್ರಿ ಒಂದರ ಹಿಂದೆ ಒಂದು ಹಾಕುವಾಗ ನೆಲದ ಶಾಖ ಇಳಿದು, ಮೇಲೆ ಚೀಸ್ ಬೆಂದರೂ ತಳ ಬಿಳಚಿಕೊಂಡು ನಡುವೆ ಒದ್ದೆಯಾಗಿರುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿ, ಉರಿ ಸಣ್ಣದು. ಪಿಜ್ಜಾ ನಾಲ್ಕು ನಿಮಿಷ ಒಳಗಿದ್ದು ಗಟ್ಟಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಸ್ತಾ ತಿನ್ನುವುದೇ ಮೇಲು. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಸರಿಯಾಗಿ ಹುದುಗದೆ ಅಂಚು ದಟ್ಟವಾಗಿ ಬರುವ ದಿನಗಳೂ ಇವೆ.

ಮಾರ್ಗರಿಟಾ ಬಿಟ್ಟು ಬೇರೆ ಕೇಳಬೇಡಿ ಅಂತಲೇ ನಮ್ಮ ಸಲಹೆ. ಡೊಣಮೆಣಸಿನಕಾಯಿ, ಈರುಳ್ಳಿ, ಸ್ವೀಟ್ ಕಾರ್ನ್ ಮೂರೂ ನೀರು ಬಿಡುತ್ತವೆ, ಎಕ್ಸ್‌ಟ್ರಾ ಚೀಸ್ ಆ ನೀರನ್ನು ಒಳಗೇ ಮುಚ್ಚಿಡುತ್ತದೆ. ಮಾರ್ಗರಿಟಾ ಸಾಸಿಗೆ ಟೊಮೆಟೊ, ಉಪ್ಪು, ತುಳಸಿಯ ಬಂಧುವಾದ ಬೇಸಿಲ್ ಅಷ್ಟೇ, ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೂ ನಡೆಯುತ್ತದೆ. ಶುದ್ಧ ಸಸ್ಯಾಹಾರಿಗಳು ಮೇಲೆ ತುರಿದು ಹಾಕುವ ಪಾರ್ಮೆಸಾನ್ ಚೀಸ್ ಯಾವುದೆಂದು ಕೇಳಿ. ಇಟಲಿಯ ಪಾರ್ಮಿಜಾನೋ ರೆಜ್ಜಾನೋಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕೇಳಿದರೆ ಪ್ಯಾಕೆಟ್ ತಂದು ಹಸಿರು ಗುರುತು ತೋರಿಸುತ್ತಾರೆ.

ಅಕ್ಕಿಯ ಖಾದ್ಯ ರಿಸೊತ್ತೊ ಬೇಡ. ಅದಕ್ಕೆ 18 ನಿಮಿಷ ಒಲೆ ಮುಂದೆ ನಿಲ್ಲಬೇಕು, ಇಲ್ಲಿ ಅರ್ಧ ಬೇಯಿಸಿಟ್ಟ ಅಕ್ಕಿಯನ್ನು ಬಿಸಿ ಮಾಡಿ ಕೊಡುತ್ತಾರೆ. ಕಾರ್ಬೊನಾರಾ ಪಾಸ್ತಾ ಹೆಸರಿನಲ್ಲಿ ಬರುವುದು ಚಿಕನ್ ಮತ್ತು ಕ್ರೀಮ್. ರೋಮಿನದ್ದರಲ್ಲಿ ಮೊಟ್ಟೆ, ಕುರಿಹಾಲಿನ ಪೆಕೊರಿನೊ ಚೀಸ್, ಹಂದಿಯ ಕೆನ್ನೆಮಾಂಸ, ಕರಿಮೆಣಸು ಇರುತ್ತದೆ, ಕ್ರೀಮ್ ಇರುವುದಿಲ್ಲ. ಕಾಫಿಯ ಸಿಹಿತಿನಿಸು ತಿರಮಿಸು ಇಲ್ಲಿ ಮೊಟ್ಟೆಯಿಲ್ಲದ್ದು, ತಕ್ಕಮಟ್ಟಿಗೆ ಚೆನ್ನಾಗಿದೆ. ಫ್ರಿಜ್ಜಿನಿಂದ ತಂದ ಮೇಲೆ ಹತ್ತು ನಿಮಿಷ ಬಿಟ್ಟು ತಿಂದರೆ ಕಾಫಿಯ ರುಚಿ ತಿಳಿಯುತ್ತದೆ.

ಇಬ್ಬರಿಗೆ ಸಾವಿರದ ಆಸುಪಾಸು ಬಿಲ್ಲಾಗುತ್ತದೆ, ಅದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ. ಸರ್ವಿಸ್ ಚಾರ್ಜ್ ಹಾಕುವುದಿಲ್ಲ. ಪಾಸ್ತಾ ಪಾರ್ಸೆಲ್ ತರಬೇಡಿ, ದಾರಿಯಲ್ಲೇ ಸಾಸ್ ಹೀರಿ ಮುದ್ದೆಯಾಗುತ್ತದೆ. ಪಿಜ್ಜಾ ತರುವುದಾದರೆ ಕತ್ತರಿಸದೆ ಕೊಡಲು ಹೇಳಿ, ಹಬೆ ಹೋಗಲು ಡಬ್ಬದ ಮುಚ್ಚಳ ಸ್ವಲ್ಪ ತೆರೆದಿಡಿ. ಮನೆಯಲ್ಲಿ ರೊಟ್ಟಿ ಹಂಚು ಕಾಯಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟರೆ ತಳ ಮತ್ತೆ ಗರಿಯಾಗುತ್ತದೆ. ಮೈಕ್ರೋವೇವಿನಲ್ಲಿಟ್ಟರೆ ಅಂಚು ರಬ್ಬರಿನಂತಾಗುತ್ತದೆ.