ಜಂಬಿಟ್ಟಿಗೆ ನೆಲಕ್ಕೆ ಯಾವ ಮೆಟಲ್ ಡಿಟೆಕ್ಟರ್? ಮನೆಮಂದಿ ಹಿಡಿದು ನೋಡಿದ ಮೂರು ಯಂತ್ರಗಳು

ಹಳೆಯ ನಾಣ್ಯ ಹುಡುಕುವ ಯಂತ್ರ ಬೇಕೆಂದು ಮಕ್ಕಳು ಹಟ ಹಿಡಿದರೆ ಮಾರುವವರು ಮೊದಲು ಹೇಳುವುದು ಆಳದ ಲೆಕ್ಕ. ಇದು ಇಷ್ಟು ಅಡಿ ನೋಡುತ್ತದೆ, ಅದು ಅಷ್ಟು ಅಡಿ ನೋಡುತ್ತದೆ. ಮಲೆನಾಡಿನವರು ಆ ಲೆಕ್ಕ ನಂಬಿ ದುಡ್ಡು ಹಾಕಬಾರದು. ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಿಲು, ತೋಟ, ಗದ್ದೆಗಳಲ್ಲಿ ಮೂರು ಬಗೆಯ ಯಂತ್ರ ಹಿಡಿದು ಓಡಾಡಿದ ಮೇಲೆ ಹೇಳುತ್ತಿದ್ದೇನೆ: ಒಂದು ಗೇಣು ಆಳದ ನಾಣ್ಯವನ್ನು ನೆಟ್ಟಗೆ ತೋರಿಸಿದರೆ ಸಾಕು, ಅದೇ ಇಲ್ಲಿ ದೊಡ್ಡದು.

ಕಾರಣ ನಮ್ಮ ಮಣ್ಣು. ಯಂತ್ರದ ತುದಿಯ ತಟ್ಟೆಯಲ್ಲಿರುವ ತಂತಿ ಸುರುಳಿ, ಅಂದರೆ ಕಾಯಿಲ್, ನೆಲಕ್ಕೆ ಕಾಂತಕ್ಷೇತ್ರವನ್ನು ಬಿಟ್ಟು, ಮರಳಿ ಬರುವ ಪ್ರತಿಕ್ರಿಯೆಯನ್ನು ಓದುತ್ತದೆ. ಜಂಬಿಟ್ಟಿಗೆಯ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಹಾಗಾಗಿ ನಾಣ್ಯಕ್ಕಿಂತ ಮೊದಲು ನೆಲವೇ ಓಗೊಡುತ್ತದೆ. ಸಣ್ಣ ಕೆಂಪು ಹರಳೂ ಮೊಳೆಯ ಹಾಗೆ ಕೂಗುತ್ತದೆ.

ಮೊದಲನೆಯದು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಯಂತ್ರ. ಒಂದು ಮುಳ್ಳು, ಎರಡು ತಿರುಪು, ಒಂದೇ ಸ್ವರ. ಹಿತ್ತಿಲಿನಲ್ಲಿ ಹಿಡಿದರೆ ನಿಲ್ಲದ ಕಿರಿಚಾಟ. ಸೂಕ್ಷ್ಮತೆ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಆಗ ಎರಡು ಬೆರಳು ಮಣ್ಣು ಮುಚ್ಚಿದ ಐದು ರೂಪಾಯಿಯೂ ಅದಕ್ಕೆ ಕಾಣುವುದಿಲ್ಲ. ನೆಲಕ್ಕೆ ತಕ್ಕಂತೆ ಹೊಂದಿಸುವ ಸೌಲಭ್ಯವೇ ಇದರಲ್ಲಿಲ್ಲ. ಗದ್ದೆಯ ಮೆಕ್ಕಲು ಮಣ್ಣಿನಲ್ಲಿ ಮಾತ್ರ ಪರವಾಗಿಲ್ಲ ಎನ್ನುವಂತೆ ನಡೆದುಕೊಂಡಿತು. ಹಗುರ ಎನ್ನುವುದೊಂದೇ ಅದರ ಗುಣ, ಮಗ ಗಂಟೆಗಟ್ಟಲೆ ಬೀಸುತ್ತಾನೆ.

ಎರಡನೆಯದು ಒಂದೇ ಆವರ್ತನದ್ದು, ಅಂದರೆ ಅದರ ಕಾಂತಕ್ಷೇತ್ರ ಒಂದೇ ವೇಗದಲ್ಲಿ ಮಿಡಿಯುತ್ತದೆ, ಆದರೆ ಗ್ರೌಂಡ್ ಬ್ಯಾಲೆನ್ಸ್ ಇರುವಂಥದ್ದು. ಲೋಹವಿಲ್ಲದ ಜಾಗ ನೋಡಿ, ಗುಂಡಿ ಒತ್ತಿ ಹಿಡಿದು, ಕಾಯಿಲನ್ನು ನೆಲದ ಮೇಲೆ ನಾಲ್ಕೈದು ಸಲ ಏರಿಸಿ ಇಳಿಸಿದರೆ ಯಂತ್ರ ಆ ಮಣ್ಣನ್ನು ಲೆಕ್ಕದಿಂದ ತೆಗೆದುಹಾಕುತ್ತದೆ. ಹಿತ್ತಿಲಿನಿಂದ ತೋಟಕ್ಕೆ ಇಳಿದಾಗ ಮತ್ತೊಮ್ಮೆ ಮಾಡಬೇಕು, ಏಕೆಂದರೆ ಅಲ್ಲಿ ಮಣ್ಣೇ ಬೇರೆ. ಇದರಲ್ಲಿರುವುದು ಡಬಲ್ ಡಿ ಕಾಯಿಲ್. ಒಳಗೆ ಇಂಗ್ಲಿಷಿನ ಡಿ ಅಕ್ಷರದಂಥ ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಒಂದರೊಳಗೊಂದು ಉಂಗುರವಿರುವ ಕಾಯಿಲಿಗಿಂತ ಇದು ಕಬ್ಬಿಣದಂಶದ ನೆಲವನ್ನು ಚೆನ್ನಾಗಿ ಸಹಿಸುತ್ತದೆ. ಪರದೆಯ ಮೇಲೆ ಅಂಕಿ ಬರುತ್ತದೆ: ಕಬ್ಬಿಣಕ್ಕೆ ಕಡಿಮೆ, ತಾಮ್ರ ಬೆಳ್ಳಿಗೆ ಹೆಚ್ಚು. ಎರಡೂ ದಿಕ್ಕಿನಿಂದ ಬೀಸಿದಾಗ ಅಂಕಿ ಕದಲದಿದ್ದರೆ ಅಗೆಯುತ್ತೇವೆ, ಕುಣಿದರೆ ಬಿಟ್ಟು ಮುಂದೆ ಹೋಗುತ್ತೇವೆ.

ಮೂರನೆಯದು ಭಾವ ಬೆಂಗಳೂರಿನಿಂದ ತಂದಿದ್ದ ಬಹು ಆವರ್ತನದ ಯಂತ್ರ. ಒಮ್ಮೆಗೇ ಹಲವು ಆವರ್ತನಗಳಲ್ಲಿ ನೆಲವನ್ನು ಓದಿ, ಮಣ್ಣಿನ ಸದ್ದನ್ನು ತಾನೇ ಕಳೆದುಕೊಳ್ಳುತ್ತದೆ. ಹಿತ್ತಿಲಿನ ಜಂಬಿಟ್ಟಿಗೆಯ ಮೇಲೆ ಇದರ ಶಾಂತಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ದೊಡ್ಡ ತುಕ್ಕು ಹಿಡಿದ ತಗಡಿನ ಮುಂದೆ ಇದೂ ಎರಡನೆಯದರಷ್ಟೇ ಮುಗ್ಧ. ಬೆಳ್ಳಿಯ ಅಂಕಿ ತೋರಿಸಿ ಮೊಣಕಾಲುದ್ದ ಅಗೆಸಿತು. ಬಂದದ್ದು ಕೊಟ್ಟಿಗೆಯ ಮಾಡಿನದು. ಬೆಲೆ ಎರಡನೆಯದರ ಎರಡು ಪಟ್ಟಿಗೂ ಹೆಚ್ಚು. ತೋಟದ ಸೋಲಾರ್ ಬೇಲಿಯ ಹತ್ತಿರ ಹೋದರೆ ವಿದ್ಯುತ್ತಿನ ಪ್ರತಿ ಬಡಿತಕ್ಕೂ ಎರಡೂ ಟಿಕ್ ಎನ್ನುತ್ತವೆ. ಬೇಲಿ ಆಫ್ ಮಾಡಿಯೇ ಹುಡುಕಬೇಕು, ಮುಗಿದ ಮೇಲೆ ಮರೆಯದೆ ಆನ್ ಮಾಡಬೇಕು. ಹಂದಿಗಳು ಕಾಯುವುದಿಲ್ಲ.

ಪಲ್ಸ್ ಇಂಡಕ್ಷನ್ ಎಂಬ ನಾಲ್ಕನೇ ಬಗೆಯೂ ಇದೆ. ಮಣ್ಣಿಗೆ ಅದು ಅಂಜುವುದಿಲ್ಲ, ಆದರೆ ಮೊಳೆ ಯಾವುದು ನಾಣ್ಯ ಯಾವುದು ಎಂದು ಹೇಳುವುದರಲ್ಲಿ ತೀರಾ ಮಂದ. ಮನೆಯ ಸುತ್ತ ಬೇಡವೇ ಬೇಡ.

ನನ್ನ ಆಯ್ಕೆ ಎರಡನೆಯದು, ಉಳಿದ ದುಡ್ಡಿಗೆ ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್. ಕ್ಯಾರೆಟ್ಟಿನಷ್ಟು ಗಾತ್ರದ ಈ ಕಡ್ಡಿಯನ್ನು ಗುಂಡಿಯೊಳಗೆ ಇಳಿಸಿದರೆ ವಸ್ತು ಯಾವ ಮಗ್ಗುಲಲ್ಲಿದೆ ಎಂದು ಗುರುಗುಟ್ಟಿ ತೋರಿಸುತ್ತದೆ. ಇದಿಲ್ಲದಿದ್ದಾಗ ಬುಟ್ಟಿಯಷ್ಟಗಲ ಅಗೆಯುತ್ತಿದ್ದೆವು, ಈಗ ಬೊಗಸೆಯಷ್ಟು ಸಾಕು. ಅಡಿಕೆ ಮರದ ಬೇರುಗಳಲ್ಲಿ ಹೆಚ್ಚಿನವು ಮೇಲ್ಪದರದಲ್ಲೇ ಹರಡಿರುವುದರಿಂದ ತೋಟದಲ್ಲಿ ಇದು ಸಣ್ಣ ಮಾತಲ್ಲ. ಬುಡದ ಹತ್ತಿರ ನಾವು ಅಗೆಯುವುದೇ ಇಲ್ಲ. ಮಗಳು ಯಂತ್ರ ಬೀಸುತ್ತಾಳೆ, ಮಗ ಕಡ್ಡಿ ಹಿಡಿಯುತ್ತಾನೆ, ಗುದ್ದಲಿ ನನಗೆ. ಗುಂಡಿ ಮುಚ್ಚಿದ್ದನ್ನು ಹೆಂಡತಿ ಪರೀಕ್ಷಿಸುತ್ತಾಳೆ. ಒಂದೇ ದುಬಾರಿ ಯಂತ್ರ ಕೊಂಡಿದ್ದರೆ ಒಬ್ಬರಿಗೆ ಆಟ, ಉಳಿದವರಿಗೆ ಆಕಳಿಕೆ.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಯಂತ್ರಕ್ಕಿಂತ ಅಮ್ಮನೇ ವಾಸಿ. ಹಳೆಯ ಆಲೆಮನೆ ಹಲಸಿನ ಮರದ ಆಚೆ ಇತ್ತು ಎಂದರು. ಅಲ್ಲಿ ಎತ್ತಿನ ಲಾಳಗಳು ಸಿಕ್ಕವು, ಜೊತೆಗೆ ಒಂದು ತೂತಿನ ಕಾಸು. 1943ರಿಂದ 1947ರವರೆಗೆ ಟಂಕಿಸಿದ ಕಂಚಿನ ಒಂದು ಪೈಸೆ ಅದು. ಅಂಚು ಹಸಿರುಗಟ್ಟಿತ್ತು, ತೂತಿನಲ್ಲಿ ಹುಲ್ಲಿನ ಬೇರು ಹೊಕ್ಕು ಆಚೆ ಬಂದಿತ್ತು. ತೋಟದಲ್ಲಿ ಹೆಚ್ಚಾಗಿ ಸಿಗುವುದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಕಳಚಿ ಬಿದ್ದ ಹಿತ್ತಾಳೆ ನಾಜಲ್. ಪರದೆಯ ಮೇಲೆ ಅದರಷ್ಟು ಚಂದದ ಅಂಕಿ ಇನ್ನಾವುದಕ್ಕೂ ಬರುವುದಿಲ್ಲ.

ಮಕ್ಕಳ ತಲೆಯಲ್ಲಿ ಇರುವುದು ಕೆಳದಿ ಅರಸರ ಚಿನ್ನದ ನಾಣ್ಯ, ಇಕ್ಕೇರಿ ವರಹ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಕಥೆ ಹೇಳಿದವನು ನಾನೇ. ಆದರೂ ಬಳ್ಳಿಗಾವೆ, ಇಕ್ಕೇರಿಯಂಥ ಕಡೆಗೆ ಯಂತ್ರ ಒಯ್ಯುವ ಮಾತೇ ಇಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ಹಾಳುಬಿದ್ದ ಕೋಟೆ, ದೇವಸ್ಥಾನ, ಕಾಡು ಯಾವುದೂ ಬೇಡ. ಸೊಪ್ಪಿನಬೆಟ್ಟವೂ ಬೇಡ, ಅಲ್ಲಿ ನಮಗಿರುವುದು ಸೊಪ್ಪು ತರುವ ಹಕ್ಕು, ನೆಲ ನಮ್ಮದಲ್ಲ. ಸ್ವಂತ ನೆಲದಲ್ಲೂ ಬೆಲೆಬಾಳುವುದು ಸಿಕ್ಕರೆ ಜೇಬಿಗೆ ಹಾಕುವಂತಿಲ್ಲ. 1878ರ ಭಾರತೀಯ ನಿಧಿ ಕಾಯ್ದೆ 10 ರೂಪಾಯಿ ಮೀರಿದ್ದನ್ನೆಲ್ಲ ಅಧಿಕಾರಿಗೆ ತಿಳಿಸಬೇಕು ಎಂದಿತ್ತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯಿದೆ. ಜಿಲ್ಲಾಧಿಕಾರಿಗೆ ಬರೆದು ತಿಳಿಸುವುದೇ ಸರಿಯಾದ ದಾರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು.

ಕಾನೂನಿಗಿಂತ ಮೊದಲು ಬರುವವರು ನೆರೆಯವರು. ‘ಏನು ಗೌಡರೇ, ನಿಧಿ ತೆಗೆಯುತ್ತಿದ್ದೀರಾ?’ ಎಂದು ಬೇಲಿಯಾಚೆಯಿಂದ ಕೇಳಿದವರನ್ನು ಕರೆದು ಯಂತ್ರ ಕೈಗೆ ಕೊಟ್ಟೆವು. ಹೊತ್ತು ಮುಳುಗಿದ ಮೇಲೆ, ಅಮಾವಾಸ್ಯೆಯ ಆಸುಪಾಸು ಗುದ್ದಲಿ ಹಿಡಿಯದಿರುವುದು ಲೇಸು. ನಮ್ಮ ಕಡೆ ಗುಮಾನಿ ಬೇಗ ಹಬ್ಬುತ್ತದೆ.

ಬೇಸಿಗೆಯಲ್ಲಿ ಜಂಬಿಟ್ಟಿಗೆ ಕಲ್ಲಾಗಿರುತ್ತದೆ, ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ. ಮಳೆ ನಿಂತು ನೆಲ ಇನ್ನೂ ಮೆತ್ತಗಿರುವ ದಿನಗಳೇ ಒಳ್ಳೆಯವು, ಅಡಿಕೆ ಕೊಯ್ಲಿನ ನಡುವೆ ಬಿಡುವು ಸಿಕ್ಕರೆ. ಕೊಳ್ಳುವ ಮೊದಲು ಯಾರಿಂದಲಾದರೂ ಯಂತ್ರ ಎರವಲು ತನ್ನಿ. ಒಂದು ಹಳೆಯ ಇಪ್ಪತ್ತು ಪೈಸೆಯ ಹಳದಿ ನಾಣ್ಯವನ್ನೂ ತುಕ್ಕು ಮೊಳೆಯನ್ನೂ ನಿಮ್ಮ ಹಿತ್ತಿಲಿನಲ್ಲೇ ಗೇಣು ಅಂತರದಲ್ಲಿ, ಅರ್ಧ ಗೇಣು ಆಳದಲ್ಲಿ ಹೂತು, ಗುರುತು ಹಾಕಿ ಬೀಸಿ ನೋಡಿ. ಎರಡಕ್ಕೂ ಒಂದೇ ಸದ್ದು ಬಂದರೆ ಆ ಬಗೆಯ ಯಂತ್ರ ನಿಮ್ಮ ಮಣ್ಣಿಗೆ ಆಗದು, ಪೆಟ್ಟಿಗೆಯ ಮೇಲೆ ಎಷ್ಟೇ ಅಡಿ ಬರೆದಿರಲಿ.